ಕಪ್ಪು ಕಾರು, ಕೆಂಪು ಧೂಳು: ಮಲೆನಾಡಿನಲ್ಲಿ ಪೇಂಟ್ ಉಳಿಸಿಕೊಳ್ಳುವ ಬಗೆ

ಕಪ್ಪು, ಕಡುನೀಲಿ, ಕಡುಗಂದು ಬಣ್ಣದ ಕಾರು ಕೊಂಡವರಿಗೆ ಮಲೆನಾಡಿನಲ್ಲಿ ವರ್ಷ ತುಂಬುವುದರೊಳಗೆ ಒಂದು ಬೇಸರ ಎದುರಾಗುತ್ತದೆ. ನೆರಳಿನಲ್ಲಿ ನಿಂತಾಗ ಕಾರು ಚೆನ್ನಾಗಿಯೇ ಕಾಣುತ್ತದೆ. ಸಂಜೆ ಬಿಸಿಲು ಓರೆಯಾಗಿ ಬಾನೆಟ್ ಮೇಲೆ ಬಿದ್ದ ಕೂಡಲೇ ಸೂರ್ಯನ ಪ್ರತಿಬಿಂಬದ ಸುತ್ತ ನೂರಾರು ಎಳೆ ಗೀರುಗಳು ಸುರುಳಿ ಸುತ್ತಿಕೊಂಡು ಹೊಳೆಯುತ್ತವೆ. ಬಂಪರ್ ಹತ್ತಿರ ಬಗ್ಗಿ ನೋಡಿದರೆ ಸಾಸಿವೆ ಕಾಳಿನಷ್ಟು ದೊಡ್ಡ ಬಿಳಿ ಚುಕ್ಕೆಗಳು. ಎರಡಕ್ಕೂ ನಾವು ರಸ್ತೆಯನ್ನೇ ಬೈಯುತ್ತೇವೆ. ಚುಕ್ಕೆಗಳ ಮಟ್ಟಿಗೆ ಆ ಬೈಗುಳ ಸರಿ. ಸುರುಳಿ ಗೀರುಗಳ ಮಟ್ಟಿಗೆ ಸರಿಯಲ್ಲ. ಅವುಗಳಲ್ಲಿ ಬಹುಪಾಲು ಹುಟ್ಟುವುದು ನಮ್ಮ ಮನೆಯಂಗಳದಲ್ಲೇ, ಕಾರನ್ನು ಪ್ರೀತಿಯಿಂದ ಒರೆಸುವ ಬಟ್ಟೆಯಿಂದಲೇ.

ಗೀರು ಬೇರೆ, ಕಲ್ಲೇಟು ಬೇರೆ. ಎರಡರ ಕಾರಣವೂ ಬೇರೆ, ಮದ್ದೂ ಬೇರೆ. ಈ ವ್ಯತ್ಯಾಸ ತಿಳಿಯದೆ ದುಬಾರಿ ಕೋಟಿಂಗ್ ಮಾಡಿಸಿ, ಆಮೇಲೆ ಬಾನೆಟ್ ಮೇಲೆ ಕಲ್ಲಿನ ಚುಕ್ಕೆ ಕಂಡು ಮೋಸಹೋದೆವು ಎಂದು ಕೊರಗುವವರು ಬಹಳ ಮಂದಿ. ಆದ್ದರಿಂದ ಮೊದಲು ಪೇಂಟ್ ಎಂದರೆ ಏನು, ಎಷ್ಟು ದಪ್ಪ ಎಂಬುದನ್ನು ನೋಡೋಣ.

ಕಾರ್ಖಾನೆಯಲ್ಲಿ ಉಕ್ಕಿನ ಮೈಯನ್ನು ತೊಳೆದು, ಫಾಸ್ಫೇಟ್ ಪದರ ಕೊಟ್ಟು, ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ಆಗ ಮೂಲೆಮೂಲೆಗೂ ಕೂರುವ ಪ್ರೈಮರ್ ಪದರವೇ ತುಕ್ಕಿನ ವಿರುದ್ಧ ನಿಜವಾದ ಕಾವಲು. ಇದು ಸುಮಾರು 20 ಮೈಕ್ರಾನ್ ದಪ್ಪ. ಅದರ ಮೇಲೆ ಮೈ ಸಮಮಾಡುವ ಇನ್ನೊಂದು ಪ್ರೈಮರ್ 30ರಿಂದ 40 ಮೈಕ್ರಾನ್. ನಾವು ಬಣ್ಣ ಎಂದು ಕರೆಯುವ ಬೇಸ್ ಕೋಟ್ ಬರೀ 15 ಮೈಕ್ರಾನಿನ ಆಸುಪಾಸು. ಎಲ್ಲಕ್ಕಿಂತ ಮೇಲೆ, ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್ 40ರಿಂದ 50 ಮೈಕ್ರಾನ್. ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್. ಅಂದರೆ ನಾಲ್ಕೂ ಪದರ ಸೇರಿದರೂ ಜೆರಾಕ್ಸ್ ಹಾಳೆಯ ದಪ್ಪಕ್ಕಿಂತ ಸ್ವಲ್ಪವೇ ಹೆಚ್ಚು. ಹೊಳಪು ಕೊಡುವ, ಬಿಸಿಲಿನ ಅತಿನೇರಳೆ ಕಿರಣ ತಡೆದು ಕೆಳಗಿನ ಬಣ್ಣ ಮಾಸದಂತೆ ನೋಡಿಕೊಳ್ಳುವ ಕ್ಲಿಯರ್ ಕೋಟ್ ಅಂತೂ ಹೆಚ್ಚೆಂದರೆ ಆ ಹಾಳೆಯ ಅರ್ಧದಷ್ಟು. ಸವೆದದ್ದು ಮತ್ತೆ ಬೆಳೆಯುವುದೂ ಇಲ್ಲ.

ಬಿಳಿ ಕಾರಿಗೂ ಇದೇ ಪದರಗಳು, ಅದಕ್ಕೂ ಅಷ್ಟೇ ಗೀರು ಬೀಳುತ್ತವೆ. ಕಣ್ಣಿಗೆ ಬೀಳುವುದು ಮಾತ್ರ ಕಪ್ಪಿನದು. ಕಾರಣ ಬೆಳಕಿನಲ್ಲಿದೆ. ಬಿಳಿ ಬಣ್ಣ ತನ್ನ ಮೇಲೆ ಬಿದ್ದ ಬೆಳಕನ್ನು ಎಲ್ಲ ದಿಕ್ಕಿಗೂ ಚೆಲ್ಲುತ್ತಿರುತ್ತದೆ. ಗೀರಿನ ಅಂಚು ಚೆಲ್ಲುವ ಚೂರು ಬೆಳಕು ಆ ಬೆಳಕಿನ ರಾಶಿಯಲ್ಲಿ ಮುಳುಗಿಹೋಗುತ್ತದೆ. ಕಪ್ಪು ಬಣ್ಣ ಒಳಹೊಕ್ಕ ಬೆಳಕನ್ನೆಲ್ಲ ನುಂಗುತ್ತದೆ. ನೇರವಾಗಿ ನೋಡಿದಾಗ ಕ್ಲಿಯರ್ ಕೋಟಿನ ಮೇಲ್ಮೈಯಿಂದ ವಾಪಸು ಬರುವುದು ಬಿದ್ದ ಬೆಳಕಿನ ಸುಮಾರು ಶೇ. 4 ಮಾತ್ರ. ಅಷ್ಟು ಕತ್ತಲ ಹಿನ್ನೆಲೆಯಲ್ಲಿ ಕೂದಲೆಳೆಗಿಂತ ಸಣ್ಣ ಗೀರಿನ ಅಂಚೂ ಬೆಳ್ಳಗೆ ಎದ್ದು ಕಾಣುತ್ತದೆ. ಮೆಟಾಲಿಕ್ ಕಪ್ಪಿನಲ್ಲಿ ಅಲ್ಯೂಮಿನಿಯಂ ಹರಳುಗಳು ಒಂದಿಷ್ಟು ಬೆಳಕು ವಾಪಸು ಕೊಡುವುದರಿಂದ ಗೀರು ತುಸು ಮರೆಯಾಗುತ್ತದೆ. ಹರಳಿಲ್ಲದ ಅಪ್ಪಟ ಕಪ್ಪು ಏನನ್ನೂ ಮುಚ್ಚಿಡುವುದಿಲ್ಲ.

ಸುರುಳಿಯಾಗಿ ಕಾಣುವುದೂ ಬೆಳಕಿನ ಆಟವೇ. ಗೀರುಗಳು ಎಲ್ಲ ದಿಕ್ಕಿಗೂ ಹರಡಿರುತ್ತವೆ. ಆದರೆ ಬೆಳಕು ಬರುವ ದಿಕ್ಕಿಗೆ ಅಡ್ಡಲಾಗಿರುವವು ಮಾತ್ರ ನಮ್ಮ ಕಣ್ಣಿನತ್ತ ಹೊಳೆಯುತ್ತವೆ. ಹೀಗಾಗಿ ಸೂರ್ಯನ ಪ್ರತಿಬಿಂಬದ ಸುತ್ತ ಬಳೆಬಳೆಯಾಗಿ ಕಾಣುತ್ತವೆ. ರಾತ್ರಿ ಶೆಡ್ಡಿನಲ್ಲಿ ದೀಪ ಆರಿಸಿ ಮೊಬೈಲ್ ಟಾರ್ಚ್ ಹಿಡಿದು ನೋಡಿ, ಟಾರ್ಚ್ ಸರಿದಂತೆ ಬಳೆಗಳೂ ಸರಿಯುತ್ತವೆ. ಇದರಿಂದ ಒಂದು ಉಪಯುಕ್ತ ಪಾಠವಿದೆ. ಬಟ್ಟೆಯನ್ನು ಗುಂಡಗೆ ತಿರುಗಿಸಿ ಒರೆಸಿದರೆ ಆ ಗೀರು ಯಾವ ಕಡೆಯಿಂದ ನೋಡಿದರೂ ಒಂದಲ್ಲ ಒಂದು ಕಡೆ ಹೊಳೆಯುತ್ತದೆ. ಉದ್ದಕ್ಕೆ ನೇರವಾಗಿ ಒರೆಸಿದರೆ ಒಂದು ಕೋನದಿಂದ ಮಾತ್ರ ಕಂಡೀತು. ಒರೆಸಲೇಬೇಕಾದಾಗ ಬಾನೆಟ್ಟಿನ ಮುಂದಿನಿಂದ ಗಾಜಿನ ಕಡೆಗೆ ನೇರ ಗೆರೆಯಲ್ಲಿ, ಒತ್ತದೆ ಒರೆಸಿ.

ಒರೆಸುವ ಚಟ

ನಮ್ಮ ಕೆಂಧೂಳನ್ನು ಬೆರಳ ನಡುವೆ ತಿಕ್ಕಿದರೆ ಮೆತ್ತಗೆ ಅನ್ನಿಸುತ್ತದೆ. ಜಂಬಿಟ್ಟಿಗೆ ಮಣ್ಣಿನ ಆ ಪುಡಿಯಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಅದರ ಜೊತೆ ಸ್ಫಟಿಕದ ಸಣ್ಣ ಕಣಗಳೂ ಇವೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕಕ್ಕೆ 7ನೇ ಸ್ಥಾನ. ಅದು ಗಾಜನ್ನೇ ಕೊರೆಯುತ್ತದೆ. ಕ್ಲಿಯರ್ ಕೋಟ್ ಬರೀ ಪ್ಲಾಸ್ಟಿಕ್ ಜಾತಿಯ ಪದರ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಹಳೇ ಬನಿಯನ್ನಿನಲ್ಲೋ ಪಂಚೆಯ ತುಂಡಿನಲ್ಲೋ ಒಣ ಧೂಳು ಒರೆಸಿದಾಗ ಆಗುವುದು ಇಷ್ಟೇ: ಬಟ್ಟೆ ಆ ಕಣಗಳನ್ನು ಹಿಡಿದುಕೊಂಡು ಬಾನೆಟ್ ಉದ್ದಕ್ಕೂ ಎಳೆದಾಡುತ್ತದೆ. ಮೇಣ ಹಚ್ಚಿದ ನೂಲಿನ ಡಸ್ಟರ್, ಗರಿಯ ಡಸ್ಟರ್ ಯಾವುದೂ ಇದಕ್ಕೆ ಹೊರತಲ್ಲ. ಒಣ ಧೂಳು ಒರೆಸುವುದನ್ನು ಪೂರ್ತಿ ಬಿಟ್ಟುಬಿಡಿ ಎಂಬುದು ಈ ಲೇಖನದಲ್ಲಿ ನಾನು ಹೇಳಬೇಕಾದ ಅತಿ ಮುಖ್ಯ ಮಾತು. ಧೂಳು ಕೂತ ಕಾರು ಓಡಿಸುವುದರಿಂದ ಪೇಂಟಿಗೆ ಯಾವ ನಷ್ಟವೂ ಇಲ್ಲ. ಒರೆಸಿದರೆ ಇದೆ.

ಅದೃಷ್ಟಕ್ಕೆ ಮಲೆನಾಡಿನಲ್ಲಿ ನೀರಿಗೆ ಬರವಿಲ್ಲ. ಗೀರು ತಡೆಯುವ ಅತ್ಯಂತ ಅಗ್ಗದ ಸಾಧನ ಅದೇ. ಮೊದಲು ಪೈಪಿನಲ್ಲಿ ಮೇಲಿನಿಂದ ಕೆಳಕ್ಕೆ ನೀರು ಬಿಡಿ. ಮಳೆಗಾಲದಲ್ಲಿ ಚಕ್ರದ ಸುತ್ತ, ಬಾಗಿಲ ಕೆಳಭಾಗದಲ್ಲಿ ಮೆತ್ತಿದ ಕೆಸರು ಒಂದೇ ಸಲಕ್ಕೆ ಬಿಡುವುದಿಲ್ಲ. ಅದನ್ನು ತಿಕ್ಕಲು ಹೋಗಬೇಡಿ. ನೆನೆಸಿ ಐದು ನಿಮಿಷ ಬಿಟ್ಟು ಮತ್ತೆ ನೀರು ಹಾಯಿಸಿ. ಶಾಂಪೂ ನೊರೆಯನ್ನು ಸ್ಪ್ರೇ ಮಾಡಿ ಜಾರಲು ಬಿಟ್ಟರೆ ಇನ್ನೂ ಒಳ್ಳೆಯದು. ಕೈ ಮುಟ್ಟುವ ಮೊದಲೇ ಕಣಗಳಲ್ಲಿ ಹೆಚ್ಚಿನವು ಹೋಗಿಬಿಡಬೇಕು.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರ್ ಶಾಂಪೂ ಬೆರೆಸಿದ ನೀರು, ಇನ್ನೊಂದರಲ್ಲಿ ಬರೀ ನೀರು. ಉದ್ದ ಎಳೆಯ ಮೈಕ್ರೋಫೈಬರ್ ಕೈಗವಸನ್ನು ಶಾಂಪೂವಿನಲ್ಲಿ ಅದ್ದಿ ಒಂದು ಬಾಗಿಲಿನಷ್ಟು ಜಾಗ ತೊಳೆದು, ಬರೀ ನೀರಿನ ಬಕೆಟ್ಟಿನಲ್ಲಿ ಚೆನ್ನಾಗಿ ಕುಲುಕಿ ಹಿಂಡಿ, ಮತ್ತೆ ಶಾಂಪೂವಿಗೆ ಹೋಗಬೇಕು. ಒಂದೇ ಬಕೆಟ್ ಆದರೆ ಬಾಗಿಲಿನಿಂದ ಎತ್ತಿದ ಮರಳನ್ನೇ ಬಾನೆಟ್ಟಿಗೆ ತಂದು ಹಚ್ಚುತ್ತೀರಿ. ಛಾವಣಿ ಮೊದಲು, ನಂತರ ಗಾಜು, ಬಾನೆಟ್, ಬಾಗಿಲ ಮೇಲರ್ಧ. ಕೆಸರು ಹಾರುವ ಕೆಳಭಾಗ ಕೊನೆಗೆ, ಅದಕ್ಕೆ ಬೇರೆಯೇ ಬಟ್ಟೆ. ಚಕ್ರಕ್ಕೆ ಬಳಸಿದ ಬ್ರಷ್ ಅಥವಾ ಬಟ್ಟೆ ಪೇಂಟಿನ ಹತ್ತಿರವೂ ಸುಳಿಯಬಾರದು. ಬ್ರೇಕಿನಿಂದ ಉದುರುವ ಲೋಹದ ಪುಡಿ ಅದರಲ್ಲಿ ಇರುತ್ತದೆ. ಪಾತ್ರೆ ತೊಳೆಯುವ ದ್ರವ ಬೇಡ, ಅದು ಜಿಡ್ಡಿನ ಜೊತೆ ಪೇಂಟ್ ಮೇಲಿನ ವ್ಯಾಕ್ಸನ್ನೂ ಎತ್ತಿಬಿಡುತ್ತದೆ. ಬಟ್ಟೆ ಸೋಪಿನ ಪುಡಿ ಇನ್ನೂ ಬೇಡ.

ಒಣಗಿಸುವಾಗ ತಿಕ್ಕದೆ, ದಪ್ಪ ಮೈಕ್ರೋಫೈಬರ್ ಟವೆಲನ್ನು ಹಾಸಿ ಮೆಲ್ಲಗೆ ಎಳೆದರೆ ನೀರು ಕುಡಿದುಕೊಳ್ಳುತ್ತದೆ. ನೀರನ್ನು ತಾನೇ ಒಣಗಲು ಬಿಡುವುದು ಕಪ್ಪು ಕಾರಿಗೆ ಹೇಳಿದ್ದಲ್ಲ. ಬೋರ್‌ವೆಲ್ ನೀರಿನ ಸುಣ್ಣದಂಶ ಹನಿಹನಿಯಾಗಿ ಒಣಗಿ ಬಿಳಿ ಉಂಗುರ ಉಳಿಸುತ್ತದೆ. ಬಿಸಿಲಿಗೆ ಅದು ಕಚ್ಚಿಕೊಂಡರೆ ಮತ್ತೆ ತಿಕ್ಕಬೇಕಾಗುತ್ತದೆ, ತಿಕ್ಕಿದರೆ ಮತ್ತೆ ಗೀರು. ಮಾಡಿನಿಂದ ಹಿಡಿದಿಟ್ಟ ಮಳೆನೀರಿದ್ದರೆ ಬಟ್ಟೆಯಲ್ಲಿ ಸೋಸಿ ಕೊನೆಯ ಜಾಲಾಟಕ್ಕೆ ಅದನ್ನೇ ಬಳಸಿ, ಅದರಲ್ಲಿ ಲವಣ ತೀರಾ ಕಡಿಮೆ. ತೊಳೆಯುವುದು ನೆರಳಿನಲ್ಲಿ, ಬಾನೆಟ್ ಆರಿದ ಮೇಲೆ. ಕಪ್ಪು ತಗಡು ಬಿಸಿಲಿನಲ್ಲಿ 60 ಡಿಗ್ರಿ ದಾಟುವುದು ಕಷ್ಟವಲ್ಲ, ಅದರ ಮೇಲೆ ಶಾಂಪೂ ಬಿದ್ದ ಕೂಡಲೇ ಒಣಗಿ ಕಲೆಯಾಗುತ್ತದೆ.

ಮೈಕ್ರೋಫೈಬರ್ ಬಟ್ಟೆಗೂ ಅದರದೇ ಮಡಿ ಇದೆ. ನೆಲಕ್ಕೆ ಬಿದ್ದ ಬಟ್ಟೆಯನ್ನು ಕೊಡವಿ ಮತ್ತೆ ಬಳಸಬೇಡಿ, ತೊಳೆದ ಮೇಲೇ ಬಳಸಿ. ಮನೆಯ ಬಟ್ಟೆಗಳ ಜೊತೆ ಒಗೆದರೆ ಹತ್ತಿಯ ನಾರು ಹಿಡಿದುಕೊಳ್ಳುತ್ತದೆ. ಬಟ್ಟೆ ಮೆದುಗೊಳಿಸುವ ದ್ರವ ಹಾಕಿದರೆ ಎಳೆಗಳು ಮುಚ್ಚಿಕೊಂಡು ನೀರು ಹೀರುವುದೇ ನಿಲ್ಲುತ್ತದೆ. ಅಂಚಿನಲ್ಲಿ ಹೊಲಿದ ಲೇಬಲ್ ಇದ್ದರೆ ಕತ್ತರಿಸಿ ತೆಗೆಯಿರಿ, ಅದೂ ಕೊರೆಯುತ್ತದೆ.

ಎಲ್ಲರಿಗೂ ಮನೆಯಲ್ಲಿ ತೊಳೆಯುವ ಅನುಕೂಲ ಇರುವುದಿಲ್ಲ. ಶಿವಮೊಗ್ಗದಲ್ಲಿ ಸಾಗರ ರಸ್ತೆಯಲ್ಲಾಗಲಿ ಸವಳಂಗ ರಸ್ತೆಯಲ್ಲಾಗಲಿ ವಾಟರ್ ಸರ್ವಿಸ್‌ಗೆ ಬಿಡುವುದು ರೂಢಿ. ಅಲ್ಲಿನ ಒತ್ತಡದ ನೀರು, ನೊರೆ ಎರಡೂ ಒಳ್ಳೆಯವೇ. ಅಪಾಯ ಇರುವುದು ಬೆಳಿಗ್ಗೆಯಿಂದ ಹತ್ತು ಗಾಡಿ, ನಡುವೆ ಒಂದು ಟ್ರ್ಯಾಕ್ಟರನ್ನೂ ಒರೆಸಿದ ಬಟ್ಟೆಯಲ್ಲಿ. ಕೆಲಸದ ಹುಡುಗರ ಮೇಲೆ ತಪ್ಪು ಹೊರಿಸುವುದು ನ್ಯಾಯವಲ್ಲ, ಅವರಿಗೆ ಕೊಟ್ಟ ಸಾಮಾನು ಅದು. "ಅಣ್ಣ, ನೀರು, ಫೋಮ್ ಹೊಡೆದು ಬಿಟ್ಟುಬಿಡಿ. ಒರೆಸೋದು ನನ್ ಬಟ್ಟೇಲಿ ನಾನೇ ಒರೆಸ್ಕೊಳ್ತೀನಿ" ಎಂದರೆ ಯಾರೂ ಬೇಡ ಅನ್ನುವುದಿಲ್ಲ. ನೀರಿನ ಗನ್ನನ್ನು ಒಂದಡಿಗಿಂತ ಹತ್ತಿರ ಹಿಡಿಯಬಾರದು, ಅದರಲ್ಲೂ ಈಗಾಗಲೇ ಪೇಂಟ್ ಎದ್ದಿರುವ ಚುಕ್ಕೆಯ ಮೇಲೆ. ಅಂಚಿನಡಿ ನೀರು ನುಗ್ಗಿ ಸಿಪ್ಪೆ ಏಳುತ್ತದೆ.

ತೋಟ, ಮರ, ಹಬ್ಬ

ಮಲೆನಾಡಿನ ಕಾರಿಗೆ ಬೇರೆ ಊರಿನ ಪುಸ್ತಕದಲ್ಲಿ ಇಲ್ಲದ ಕೆಲವು ಶತ್ರುಗಳಿವೆ. ಮಳೆಗಾಲದ ಆರಂಭದಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಹೊಡೆಯುತ್ತಾರಲ್ಲ, ಅದರ ಹನಿ ಗಾಳಿಯಲ್ಲಿ ತೇಲಿ ಬಂದು ತೋಟದ ಪಕ್ಕ ನಿಲ್ಲಿಸಿದ ಕಾರಿನ ಮೇಲೆ ಕೂರುತ್ತದೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಸೇರಿಸಿದ ದ್ರಾವಣ ಅದು, ಮಳೆಗೂ ತೊಳೆದುಹೋಗದಂತೆ ಗೊನೆಗೆ ಅಂಟಿಕೊಳ್ಳಲೆಂದೇ ಮಾಡಿದ್ದು. ಕಪ್ಪು ಬಾನೆಟ್ಟಿನ ಮೇಲೆ ನೀಲಿ ಮಿಶ್ರಿತ ಬಿಳಿ ಚುಕ್ಕೆಯಾಗಿ ಒಣಗುತ್ತದೆ. ಒಣಗಿದ ಸುಣ್ಣದ ಪುಡಿಯನ್ನು ಉಗುರಿನಲ್ಲೋ ಬಟ್ಟೆಯಲ್ಲೋ ಕೆರೆದರೆ ಖಂಡಿತ ಗೀರು. ಧಾರಾಳ ನೀರು ಬಿಟ್ಟು ನೆನೆಸಿ. ಆಮೇಲೂ ಉಳಿದರೆ ವಿನೆಗರಿಗೆ ಅದರಷ್ಟೇ ನೀರು ಬೆರೆಸಿ, ಒದ್ದೆ ಬಟ್ಟೆಯನ್ನು ಒಂದೆರಡು ನಿಮಿಷ ಅದರ ಮೇಲೆ ಹಾಸಿಡಿ. ಸುಣ್ಣ ಕರಗುತ್ತದೆ. ಕೂಡಲೇ ಮತ್ತೆ ನೀರಿನಲ್ಲಿ ತೊಳೆಯಿರಿ. ಔಷಧಿ ಹೊಡೆಯುವ ದಿನ ಕಾರನ್ನು ಗಾಳಿಯ ಎದುರು ದಿಕ್ಕಿಗೆ ದೂರ ಇಟ್ಟರೆ ಈ ತಾಪತ್ರಯವೇ ಇಲ್ಲ.

ಅಡಿಕೆ ಚೀಲ ಸಾಗಿಸುವಾಗ ಆಗುವ ಹಾನಿಯನ್ನು ಯಾರೂ ಲೆಕ್ಕಕ್ಕೇ ಇಡುವುದಿಲ್ಲ. ಗೋಣಿಚೀಲವನ್ನು ಡಿಕ್ಕಿಗೆ ಹಾಕುವಾಗ ಹಿಂದಿನ ಬಂಪರಿನ ಮೇಲಂಚಿನ ಮೇಲಿಟ್ಟು ಒಳಕ್ಕೆ ತಳ್ಳುತ್ತೇವೆ. ಸೆಣಬಿನಲ್ಲಿ ಸಿಕ್ಕಿಕೊಂಡ ಮರಳು ಅಲ್ಲಿ ಪೇಂಟನ್ನು ಕ್ಲಿಯರ್ ಕೋಟ್ ದಾಟಿ ಕೆರೆಯುತ್ತದೆ. ಆ ಅಂಚಿಗೆ ಅಂಟಿಸುವ ರಬ್ಬರ್ ಪಟ್ಟಿಯೋ ಪಾರದರ್ಶಕ ಫಿಲ್ಮೋ ಅಗ್ಗಕ್ಕೆ ಸಿಗುತ್ತದೆ. ಏನೂ ಇಲ್ಲದಿದ್ದರೆ ಒಂದು ದಪ್ಪ ಚಾದರ ಹಾಸಿ. ಬಾಗಿಲ ಹಿಡಿಕೆಯ ಹಿಂದಿನ ಗುಳಿಯಲ್ಲಿ ಉಂಗುರ, ಉಗುರು, ಬಳೆ ತಾಗಿ ಬೀಳುವ ಗೀರಿಗೂ ಚಿಕ್ಕ ಫಿಲ್ಮ್ ತುಂಡು ಸಾಕು.

ಮನೆಗೆ ಹೋಗುವ ಮಣ್ಣುದಾರಿಯ ಎರಡೂ ಬದಿ ದರೆಯಿಂದ ಬಾಗಿದ ಲಂಟಾನ, ಹುಲ್ಲು, ಬೇಲಿಯ ಗಿಡ ಬಾಗಿಲಿಗೆ ಸವರುತ್ತವೆ. ಉದ್ದುದ್ದ ನೇರ ಗೆರೆಗಳು ಬರುವುದು ಇವುಗಳಿಂದ. ಹುಲ್ಲಿನ ಎಲೆಯಲ್ಲೇ ಸಿಲಿಕಾ ಇರುತ್ತದೆ, ಅದರ ಮೇಲೆ ರಸ್ತೆಯ ಧೂಳು ಬೇರೆ. ಮಳೆ ನಿಂತ ಮೇಲೆ ಒಂದು ಬೆಳಿಗ್ಗೆ ಕತ್ತಿ ಹಿಡಿದು ದಾರಿ ಸವರಿಬಿಡುವುದು ಯಾವ ಕೋಟಿಂಗಿಗಿಂತಲೂ ದೊಡ್ಡ ಉಪಕಾರ. ಇಂಥ ಗೀರು ಹೆಚ್ಚಾಗಿ ಕ್ಲಿಯರ್ ಕೋಟಿನಲ್ಲೇ ನಿಲ್ಲುತ್ತದೆ. ಉಗುರನ್ನು ಅಡ್ಡಲಾಗಿ ಮೆಲ್ಲಗೆ ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದಿದ್ದರೆ ಪಾಲಿಶ್‌ಗೆ ಹೋಗುವ ಗೀರು. ಸಿಕ್ಕಿಕೊಂಡರೆ ಆಳವಾಗಿದೆ, ಪಾಲಿಶ್ ಅದನ್ನು ಮಸುಕು ಮಾಡಬಲ್ಲದು, ಅಳಿಸಲಾರದು.

ಹಕ್ಕಿಯ ಹಿಕ್ಕೆಗೆ ತಡ ಮಾಡಬಾರದು. ಮಂಡಗದ್ದೆಯಲ್ಲಿ ಬೆಳ್ಳಕ್ಕಿ ನೋಡಲು ಮರದಡಿ ಕಾರು ನಿಲ್ಲಿಸಿದವರಿಗೆ ಇದು ಗೊತ್ತು. ಬಿಸಿಲಿಗೆ ಕಾದ ಕ್ಲಿಯರ್ ಕೋಟ್ ಹಿಗ್ಗಿ ಮೆದುವಾಗುತ್ತದೆ, ಸಂಜೆ ಆರುವಾಗ ಒಣಗಿ ಗಟ್ಟಿಯಾದ ಹಿಕ್ಕೆಯ ಸುತ್ತ ಕುಗ್ಗಿ ಅದರ ಅಚ್ಚು ಹಿಡಿಯುತ್ತದೆ. ಆಮೇಲೆ ಹಿಕ್ಕೆ ತೆಗೆದರೂ ಅಚ್ಚು ಉಳಿಯುತ್ತದೆ. ಕಪ್ಪು ಕಾರು ಹೆಚ್ಚು ಕಾಯುವುದರಿಂದ ಇದು ಇನ್ನೂ ಬೇಗ. ಕಾರಿನಲ್ಲಿ ಸದಾ ಒಂದು ನೀರಿನ ಬಾಟಲಿ, ಒಂದು ಮೈಕ್ರೋಫೈಬರ್ ಬಟ್ಟೆ ಇರಲಿ. ಬಟ್ಟೆ ಒದ್ದೆ ಮಾಡಿ ಹಿಕ್ಕೆಯ ಮೇಲೆ ಒಂದೆರಡು ನಿಮಿಷ ಹಾಸಿ, ನಂತರ ಮೇಲಕ್ಕೆ ಎತ್ತಿ ತೆಗೆಯಿರಿ, ಉಜ್ಜಬೇಡಿ. ಮೊದಲ ಮಳೆಯ ರಾತ್ರಿ ದೀಪಕ್ಕೆ ಮುತ್ತಿ ಬಂಪರಿಗೆ ಅಂಟುವ ರೆಕ್ಕೆ ಗೆದ್ದಲಿಗೂ ಇದೇ ಕ್ರಮ, ಮರುದಿನವೇ.

ಆಯುಧಪೂಜೆಯ ಬಗ್ಗೆ ಒಂದು ಮಾತು. ಪೂಜೆ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಾನೆಟ್ ಮೇಲೆ ಹಚ್ಚಿದ ಅರಿಶಿನ, ಕುಂಕುಮ, ಗಂಧ ಒಣಗಿದ ಮೇಲೆ ಒಣಬಟ್ಟೆಯಲ್ಲಿ ಒರೆಸುವುದು ಬೇಡ, ನೀರು ಬಿಟ್ಟು ಇಳಿಸಿ. ಬೊಟ್ಟನ್ನು ಗಾಜಿಗೋ ನಂಬರ್ ಪ್ಲೇಟಿಗೋ ಇಟ್ಟರೆ ಪೇಂಟಿಗೆ ಏನೂ ಆಗದು. ಹೂವಿನ ಹಾರಕ್ಕೆ ತಂತಿ ಬಳಸಿದ್ದರೆ ಅದನ್ನು ಕಟ್ಟಿಕೊಂಡೇ ಊರು ಸುತ್ತಬೇಡಿ. ಗಾಳಿಗೆ ಅಲುಗಾಡುವ ತಂತಿ ಗ್ರಿಲ್ಲಿನ ಮೇಲಂಚನ್ನು ಒಂದೇ ದಿನದಲ್ಲಿ ಕೆರೆದಿಡುತ್ತದೆ.

ಕಾರಿಗೆ ಹೊದಿಸುವ ಕವರ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಮಲೆನಾಡಿಗೆ ಅದು ಹೊಂದುವುದಿಲ್ಲ. ಧೂಳು ಕೂತ ಕಾರಿಗೆ ಹೊದಿಸಿದರೆ ಗಾಳಿ ಬಂದಾಗಲೆಲ್ಲ ಕವರೇ ಉಜ್ಜುತ್ತದೆ. ಮಳೆಗಾಲದಲ್ಲಿ ಒದ್ದೆ ಕಾರಿಗೆ ಹೊದಿಸಿದರೆ ತೇವ ಒಳಗೇ ನಿಂತು ಬೂಷ್ಟು ಬರುತ್ತದೆ. ನಾಲ್ಕು ಕಂಬದ ಮೇಲೊಂದು ತಗಡಿನ ಮಾಡು ಇದಕ್ಕಿಂತ ಸಾವಿರ ಪಾಲು ಮೇಲು.

ಕಲ್ಲೇಟು ಮತ್ತು ವೇಗ

ಈಗ ಚುಕ್ಕೆಗಳ ವಿಷಯ. ಘಾಟಿಯಲ್ಲಿ ಕಾರು ಹಾಳಾಗುತ್ತದೆ ಎಂಬ ಭಯ ಹಲವರಿಗೆ. ಆಗುಂಬೆಯ ತಿರುವುಗಳಲ್ಲಿ ವೇಗವೇ ಇರುವುದಿಲ್ಲ, ಅಲ್ಲಿ ಪೇಂಟಿಗೆ ಬೀಳುವ ಏಟು ಕಡಿಮೆ. ಏಟು ಬೀಳುವುದು ಭದ್ರಾವತಿ, ತರೀಕೆರೆ ಕಡೆಗೆ ಹೋಗುವ ನೇರ ದಾರಿಯಲ್ಲಿ, ಸಾಗರದ ಕಡೆ ಹೊಸದಾಗಿ ಜಲ್ಲಿ ಹಾಸಿದ ತುಂಡುಗಳಲ್ಲಿ. ಮುಂದಿನ ಟಿಪ್ಪರಿನ ಚಕ್ರ ಹಾರಿಸಿದ ಕಲ್ಲು ಹೆಚ್ಚಾಗಿ ಗಾಳಿಯಲ್ಲಿ ಎದ್ದು ನಿಂತಿರುತ್ತದೆ ಅಷ್ಟೇ. ಅದಕ್ಕೆ ಹೋಗಿ ಡಿಕ್ಕಿ ಹೊಡೆಯುವುದು ನಮ್ಮ ಕಾರು. ಏಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 40 ಕಿ.ಮೀ.ನಲ್ಲಿ ಬಿದ್ದ ಏಟಿಗಿಂತ 80ರಲ್ಲಿ ಬಿದ್ದದ್ದು ನಾಲ್ಕು ಪಟ್ಟು, 100ರಲ್ಲಿ ಆರು ಪಟ್ಟಿಗೂ ಹೆಚ್ಚು. ಹಾಗಾಗಿ ಜಲ್ಲಿ ಉದುರಿದ ಜಾಗದಲ್ಲಿ ನಿಧಾನಿಸುವುದು, ಲಾರಿ ಟಿಪ್ಪರುಗಳ ಹಿಂದೆ ಧಾರಾಳ ಅಂತರ ಬಿಡುವುದು ಕಾಸು ಖರ್ಚಿಲ್ಲದ ರಕ್ಷಣೆ.

ಎಲ್ಲ ಕಲ್ಲೂ ಬೇರೆಯವರ ಗಾಡಿಯದ್ದಲ್ಲ. ನಮ್ಮ ಮುಂದಿನ ಚಕ್ರವೇ ಎಸೆಯುವ ಜಲ್ಲಿ ಬಾಗಿಲ ಕೆಳಗಿನ ಅಂಚಿಗೆ, ಹಿಂದಿನ ಚಕ್ರದ ಮುಂಭಾಗಕ್ಕೆ ಸತತವಾಗಿ ಬೀಳುತ್ತಿರುತ್ತದೆ. ಮಣ್ಣುರಸ್ತೆಯ ಊರಿನವರು ನಾಲ್ಕೂ ಚಕ್ರಕ್ಕೆ ಮಡ್ ಫ್ಲ್ಯಾಪ್ ಹಾಕಿಸದೆ ಇರಬಾರದು. ಕಪ್ಪು ಕಾರಿನಲ್ಲಿ ಈ ಏಟು ಎದ್ದು ಕಾಣಲು ಕಾರಣ, ಪೇಂಟ್ ಹಾರಿದಾಗ ಕೆಳಗಿನ ತಿಳಿ ಬೂದು ಪ್ರೈಮರ್ ಬಯಲಾಗುವುದು.

ಮಾರುವವರ ಮಾತು ಮತ್ತು ನಿಜ

ಶೋರೂಮಿನಲ್ಲಿ ಟೆಫ್ಲಾನ್ ಕೋಟಿಂಗ್ ಎಂದು ಮಾರುವುದುಂಟು. ಬಾಣಲೆಯ ಟೆಫ್ಲಾನ್ ಹಿಡಿದುಕೊಳ್ಳಬೇಕಾದರೆ 300 ಡಿಗ್ರಿಗೂ ಮೀರಿದ ಶಾಖ ಬೇಕು. ಕಾರಿನ ಮೇಲೆ ಹಚ್ಚಿ ಒರೆಸಿದ್ದಕ್ಕೆ ಆ ಗುಣ ಬರುವುದಿಲ್ಲ. ಅದು ಕೆಲವು ತಿಂಗಳು ಹೊಳಪು ಕೊಡುವ ಪಾಲಿಶ್, ಅಷ್ಟೇ. ಬ್ರೆಜಿಲ್‌ನ ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಕಾರ್ನೌಬಾ ವ್ಯಾಕ್ಸ್ ಕಪ್ಪು ಬಣ್ಣಕ್ಕೆ ಬಹಳ ಚೆಂದದ ಆಳ ಕೊಡುತ್ತದೆ, ಆದರೆ ನಮ್ಮ ಮಳೆಗೆ ಒಂದೆರಡು ತಿಂಗಳಿಗಿಂತ ಹೆಚ್ಚು ನಿಲ್ಲುವುದಿಲ್ಲ.

ಸೆರಾಮಿಕ್ ಕೋಟಿಂಗ್ ನಿಜಕ್ಕೂ ಒಳ್ಳೆಯ ವಸ್ತು, ಆದರೆ ಬೇರೆ ಕಾರಣಕ್ಕೆ. ಅದು ಸಿಲಿಕಾ ಆಧಾರಿತ ಪದರ, ದಪ್ಪ ಒಂದೆರಡು ಮೈಕ್ರಾನ್ ಮಾತ್ರ. ನೀರು, ಕೆಸರು ಅಂಟದೆ ಜಾರುತ್ತವೆ. ತೊಳೆಯುವುದು ಸುಲಭವಾಗುವುದರಿಂದ ಉಜ್ಜುವುದು ಕಡಿಮೆಯಾಗುತ್ತದೆ, ಆ ಮೂಲಕ ಗೀರೂ ಕಡಿಮೆ. ಹಿಕ್ಕೆ, ರಾಸಾಯನಿಕಗಳಿಗೆ ಒಂದಿಷ್ಟು ಸಮಯದ ತಡೆ. ಡಬ್ಬದ ಮೇಲಿನ 9ಎಚ್ ಎಂಬುದನ್ನು ನೋಡಿ ವಜ್ರದ ಹತ್ತಿರದ ಗಡಸು ಎಂದುಕೊಳ್ಳಬೇಡಿ. ಅದು ಮೋಸ್ ಮಾಪಕದ 9 ಅಲ್ಲ, ಪೆನ್ಸಿಲ್ ಪರೀಕ್ಷೆಯ ಅಂಕ. ಅತಿ ಗಟ್ಟಿ ಸೀಸದ ಪೆನ್ಸಿಲ್ಲಿಗೆ ಗೀರು ಬೀಳಲಿಲ್ಲ ಎಂದಷ್ಟೇ ಅದರ ಅರ್ಥ. ಜಲ್ಲಿಯ ಮುಂದೆ ಎರಡು ಮೈಕ್ರಾನ್ ಪದರ ಲೆಕ್ಕಕ್ಕೇ ಇಲ್ಲ.

ಕಲ್ಲೇಟನ್ನು ನಿಜವಾಗಿ ತಾಳುವುದು ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಎಲ್ಲರ ಬಾಯಲ್ಲಿ ಪಿಪಿಎಫ್. 150ರಿಂದ 200 ಮೈಕ್ರಾನ್ ದಪ್ಪದ ಪಾಲಿಯುರೆಥೇನ್ ಹಾಳೆ ಅದು. ಇಡೀ ಪೇಂಟಿಗಿಂತಲೂ ದಪ್ಪ, ಮೇಲಾಗಿ ಹಿಗ್ಗುವ ಗುಣದ್ದು. ಕಲ್ಲಿನ ಏಟನ್ನು ತಾನು ಹೀರಿಕೊಂಡು ಹರಡುತ್ತದೆ. ಒಳ್ಳೆಯ ಫಿಲ್ಮಿನ ಮೇಲ್ಪದರದಲ್ಲಿ ಬಿದ್ದ ಎಳೆ ಗೀರು ಬಿಸಿಲಿಗೋ ಬಿಸಿನೀರಿಗೋ ತಾನೇ ಮುಚ್ಚಿಕೊಳ್ಳುತ್ತದೆ. ಇಡೀ ಕಾರಿಗೆ ಹಾಕಿಸಿದರೆ ಖರ್ಚು ಲಕ್ಷದ ಆಸುಪಾಸಿಗೆ ಹೋಗುತ್ತದೆ. ಅದರ ಅಗತ್ಯ ನನಗೆ ಕಾಣುವುದಿಲ್ಲ. ಕಲ್ಲು ಬೀಳುವ ಜಾಗಗಳು ಗೊತ್ತಿರುವಂಥವೇ: ಮುಂದಿನ ಬಂಪರ್, ಬಾನೆಟ್ಟಿನ ಮುಂಭಾಗ, ಕನ್ನಡಿಗಳ ಬೆನ್ನು, ಬಾಗಿಲ ಕೆಳಪಟ್ಟಿ. ಅಷ್ಟಕ್ಕೆ ಮಾತ್ರ ಹಾಕಿಸಿ, ಉಳಿದ ಹಣದಲ್ಲಿ ಒಳ್ಳೆಯ ತೊಳೆಯುವ ಸಾಮಾನು ಕೊಳ್ಳಿ. ಪಿವಿಸಿ ಹಾಳೆಯನ್ನೇ ಪಿಪಿಎಫ್ ಎಂದು ಕಡಿಮೆ ಬೆಲೆಗೆ ಹಾಕುವವರಿದ್ದಾರೆ. ಅದು ಹಳದಿಯಾಗಿ ಬಿರುಸಾಗುತ್ತದೆ, ತೆಗೆಯುವಾಗ ತುಂಡುತುಂಡಾಗಿ ಅಂಟು ಉಳಿಸುತ್ತದೆ. ಹಾಳೆ ಟಿಪಿಯು, ಅಂದರೆ ಪಾಲಿಯುರೆಥೇನ್, ಹೌದೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಈಗಾಗಲೇ ಗೀರು ಬಿದ್ದಿದ್ದರೆ ಪಾಲಿಶ್. ಇಲ್ಲಿ ಒಂದು ಎಚ್ಚರ ಬೇಕು. ಪಾಲಿಶ್ ಎಂದರೆ ಗೀರನ್ನು ತುಂಬುವುದಲ್ಲ, ಗೀರಿನ ತಳದವರೆಗೆ ಸುತ್ತಲಿನ ಕ್ಲಿಯರ್ ಕೋಟನ್ನು ಸವೆಸುವುದು. ಗಂಧದ ಕೊರಡು ತೇಯ್ದಷ್ಟೂ ಸವೆಯುವಂತೆ ಇಲ್ಲೂ ಪ್ರತಿ ಸಲ ಕೆಲವು ಮೈಕ್ರಾನ್ ಹೋಗುತ್ತದೆ. ಪ್ರತಿ ಸರ್ವಿಸ್‌ಗೂ ರಬ್ಬಿಂಗ್ ಮಾಡಿಸಿದರೆ ಕೆಲವೇ ವರ್ಷಗಳಲ್ಲಿ ಬಿಸಿಲು ತಡೆಯುವ ಪದರ ತೆಳುವಾಗಿ, ಛಾವಣಿ, ಬಾನೆಟ್ ಬಿಳಿಚಿ ಸಿಪ್ಪೆ ಏಳತೊಡಗುತ್ತದೆ. ಒರಟು ಕಾಂಪೌಂಡು (ಉಜ್ಜುವ ಪೇಸ್ಟು), ಉಣ್ಣೆಯ ಪ್ಯಾಡು ಹಾಕಿ ಅವಸರದಲ್ಲಿ ತಿರುಗಿಸಿದರೆ ಕಪ್ಪು ಬಣ್ಣದ ಮೇಲೆ ಮೆಷಿನ್ ಹೋದ ದಾರಿಯೇ ಮೋಡದಂತೆ ಉಳಿಯುತ್ತದೆ. ವರ್ಷಗಳಿಗೊಮ್ಮೆ, ಪೇಂಟಿನ ದಪ್ಪ ಅಳೆಯುವ ಮೀಟರ್ ಇರುವ ಕೈಗೆ, ಸ್ಪಂಜಿನ ಪ್ಯಾಡಿನಲ್ಲಿ, ಸಾಧ್ಯವಾದಷ್ಟು ನಯವಾದ ಪಾಲಿಶಿನಿಂದ ಮಾಡಿಸಿ. ತೀರಾ ಹತ್ತಿರದಿಂದ ನೋಡಿದರೆ ಮಾತ್ರ ಕಾಣುವ ನಾಲ್ಕು ಗೀರು ಹಾಗೇ ಇರಲಿ.

ಚುಕ್ಕೆಗೆ ಟಚಪ್

ಬಂಪರ್ ಪ್ಲಾಸ್ಟಿಕ್, ಅಲ್ಲಿ ಚುಕ್ಕೆ ಬಿದ್ದರೆ ಅಂದ ಕೆಡುತ್ತದೆ ಅಷ್ಟೇ. ಬಾನೆಟ್ ಉಕ್ಕಿನದು. ಕಲ್ಲು ಪ್ರೈಮರ್ ದಾಟಿ ಲೋಹ ತೋರಿಸಿದರೆ ಮಲೆನಾಡಿನಲ್ಲಿ ತುಕ್ಕಿಗೆ ತಡವಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರು ಪೂರ್ತಿ ಒಣಗುವ ದಿನಗಳೇ ಅಪರೂಪ. ತುಕ್ಕು ಚುಕ್ಕೆಯಲ್ಲೇ ನಿಲ್ಲದೆ ಸುತ್ತಲಿನ ಪೇಂಟಿನ ಅಡಿಗೆ ತೆವಳಿ ಅದನ್ನು ಉಬ್ಬಿಸುತ್ತದೆ.

ಹಾಗಾಗಿ ಟಚಪ್ ಅನ್ನು ಜನವರಿ, ಫೆಬ್ರುವರಿಯ ಒಣಹವೆಯಲ್ಲಿ, ಇಬ್ಬನಿ ಪೂರ್ತಿ ಆರಿದ ಮೇಲೆ ಮಧ್ಯಾಹ್ನದ ಹೊತ್ತಿಗೆ ಇಟ್ಟುಕೊಳ್ಳಿ. ತೇವದ ಗಾಳಿಯಲ್ಲಿ ಹಚ್ಚಿದರೆ ಪೇಂಟಿನ ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂತು ಬಿಳಿ ಮಸುಕು ಹಿಡಿಯುತ್ತದೆ. ಕಪ್ಪಿನ ಮೇಲೆ ಅದು ಚುಕ್ಕೆಗಿಂತ ಕೆಟ್ಟದಾಗಿ ಕಾಣುತ್ತದೆ. ಕಪ್ಪಿನಲ್ಲೂ ಹಲವು ಬಗೆ ಇರುವುದರಿಂದ ಅಂದಾಜಿನ ಬಣ್ಣ ಬೇಡ. ಬಾಗಿಲ ಕಂಬದ ಮೇಲೋ ಬಾನೆಟ್ ಒಳಗೋ ಇರುವ ಪಟ್ಟಿಯಲ್ಲಿ ಪೇಂಟ್ ಕೋಡ್ ಇರುತ್ತದೆ, ಅದನ್ನೇ ಹೇಳಿ ತರಿಸಿ.

ಜಾಗ ತೊಳೆದು ಒಣಗಿಸಿ. ತುಕ್ಕು ಕಂಡರೆ ಸೂಜಿಯ ಮೊನೆಯಲ್ಲಿ ಕೆರೆದು, ತುಕ್ಕು ಪರಿವರ್ತಕದ ಒಂದು ಹನಿ ಇಡಿ. ಈ ಪರಿವರ್ತಕಗಳಲ್ಲಿ ಹಲವಕ್ಕೆ ಮೂಲವಸ್ತು ಟ್ಯಾನಿನ್. ಅದು ಕಬ್ಬಿಣದ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಹಸಿ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ಕಪ್ಪಾಗುವುದೂ ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ನಿಂದಲೇ. ಹಾಗೆಂದು ಕಾರಿಗೆ ಚೊಗರು ಹಚ್ಚಬೇಡಿ, ಅಂಗಡಿಯ ದ್ರಾವಣವೇ ಸರಿ. ಅದು ಒಣಗಿದ ಮೇಲೆ ಲೋಹ ಕಂಡ ಜಾಗಕ್ಕೆ ಪ್ರೈಮರ್, ನಂತರ ಬಣ್ಣ, ಕೊನೆಗೆ ಕ್ಲಿಯರ್. ಬಾಟಲಿಯ ಬ್ರಷ್ ದಪ್ಪವಾಗಿರುತ್ತದೆ, ಹಲ್ಲುಕಡ್ಡಿಯ ತುದಿಯಲ್ಲಿ ಗುಳಿಯೊಳಗಷ್ಟೇ ಬಿಡಿ. ಒಂದೇ ಸಲ ತುಂಬದೆ ತೆಳುವಾಗಿ ಎರಡು ಮೂರು ಸಲ, ನಡುವೆ ಗಂಟೆಗಟ್ಟಲೆ ಬಿಟ್ಟು. ಒಣಗಿದಾಗ ಬಣ್ಣ ಕುಗ್ಗುವುದರಿಂದ ಕೊನೆಯ ಪದರ ಕೂದಲೆಳೆಯಷ್ಟು ಉಬ್ಬಿದ್ದರೆ ತೊಂದರೆಯಿಲ್ಲ. ನೀರು ಕಾಗದದಲ್ಲಿ (ಒದ್ದೆ ಮಾಡಿ ಬಳಸುವ ನಯವಾದ ಮರಳುಕಾಗದ) ತಿಕ್ಕಿ ಸಮಮಾಡುವ ಕೆಲಸ ಅಭ್ಯಾಸ ಇರುವವರಿಗೆ ಮಾತ್ರ. ಎರಡು ಹೆಜ್ಜೆ ದೂರದಿಂದ ಕಾಣದಿದ್ದರೆ ಸಾಕು.

ಆಷಾಢದ ಮಳೆಯ ನಡುವೆಯೇ ಕಲ್ಲು ಬಿದ್ದು ಲೋಹ ಕಂಡರೆ ಜನವರಿವರೆಗೆ ಕಾಯಲಾಗದು. ಚುಕ್ಕೆಯನ್ನು ಹೇರ್ ಡ್ರೈಯರಿನಲ್ಲಿ ಚೆನ್ನಾಗಿ ಒಣಗಿಸಿ, ಬಣ್ಣವಿಲ್ಲದ ನೇಲ್ ಪಾಲಿಶಿನ ಒಂದು ಹನಿ ಇಟ್ಟುಬಿಡಿ. ನೀರು, ಗಾಳಿ ಲೋಹಕ್ಕೆ ತಾಗುವುದು ಅಷ್ಟರಮಟ್ಟಿಗೆ ನಿಲ್ಲುತ್ತದೆ. ಬೇಸಿಗೆಯಲ್ಲಿ ಅದನ್ನು ಥಿನ್ನರ್ ಅದ್ದಿದ ಕಡ್ಡಿಯ ತುದಿಯಿಂದ, ಸುತ್ತಲಿನ ಪೇಂಟಿಗೆ ತಾಗದಂತೆ ತೆಗೆದು, ಸರಿಯಾದ ಟಚಪ್ ಮಾಡಿಕೊಳ್ಳಬಹುದು.